ಆಮೆ ಕೊಳ ಕೈಕೊಟ್ಟಾಗ: ನೀರು ಖಾಲಿ ಮಾಡೋಕ್ ಮುಂಚೆ ಏನೇನ್ ನೋಡ್ಬೇಕು

ಕೊಳದ ನೀರು ಹಸಿರಾಯ್ತು, ಇಲ್ಲ ನಾತ ಹೊಡೀತಿದೆ, ಇಲ್ಲ ಮಟ್ಟ ಇಳೀತಿದೆ ಅಂದ್ರೆ ನಾವೆಲ್ಲ ಮೊದ್ಲು ಮಾಡೋ ಕೆಲ್ಸ ಒಂದೇ, ಇರೋ ನೀರೆಲ್ಲ ಹೊರಗೆ ಹಾಕಿ, ಬ್ರಷ್ ತಗೊಂಡು ಗಸಗಸ ಉಜ್ಜಿ, ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದು ಫಳಫಳ ಅನ್ನೋ ಹಾಗೆ ತೊಳೆದು, ಹೊಸ ನೀರು ತುಂಬ್ಸಿ ಸೊಂಟ ಹಿಡ್ಕೊಂಡು ಕೂರೋದು. ನಾನೂ ಮೊದಲನೇ ವರ್ಷ ಮೂರು ಸಲ ಇದನ್ನೇ ಮಾಡ್ದೆ. ಮೂರೂ ಸಲ ಎರಡು ವಾರ ಆಗೋಷ್ಟರಲ್ಲಿ ನೀರು ಮೊದಲಿಗಿಂತ ಹಸಿರು. ಕೊಳಾನ ಕೆಡಿಸ್ತಾ ಇದ್ದಿದ್ದು ನನ್ನ ತೊಳೆಯೋ ಚಟಾನೇ ಅಂತ ಅರ್ಥ ಆಗೋಕೆ ಒಂದು ವರ್ಷ ಬೇಕಾಯ್ತು. ಅದಕ್ಕೇ ಈ ಬರಹ. ಕೊಳದಲ್ಲಿ ಏನೇ ಎಡವಟ್ಟಾದ್ರೂ ಎಲ್ಲಿಂದ ಶುರುವಾಯ್ತು ಅಂತ ಹುಡುಕೋದು ಹೇಗೆ, ಅಷ್ಟೇ ಇಲ್ಲಿರೋದು. ಕೆಂಪು ಕಿವಿಯ ಸ್ಲೈಡರ್ ಥರದ, ನೀರಲ್ಲೇ ಜಾಸ್ತಿ ಹೊತ್ತು ಇರೋ ಆಮೆಗಳನ್ನ ಮನಸ್ಸಲ್ಲಿ ಇಟ್ಕೊಂಡು ಬರೀತಿದೀನಿ, ನೆಲದ ಮೇಲೆ ಓಡಾಡೋ ಆಮೆಗೆ ಕೊಳಾನೇ ಬೇಡ.

ಕೈಯಲ್ಲಿ ಏನಿರ್ಬೇಕು

ದೊಡ್ಡ ಸಾಮಾನೇನೂ ಬೇಡ. ಒಂದು ಬಕೆಟ್, ಒಂದು ಮಾರ್ಕರ್ ಪೆನ್ನು, ನೀರಿನ ಥರ್ಮಾಮೀಟರ್, ಒಂದು ಪಾರದರ್ಶಕ ಬಾಟ್ಲು, ಆಮೇಲೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ನಾಲ್ಕನ್ನೂ ಅಳೆಯೋ ಟೆಸ್ಟ್ ಕಿಟ್. ಕಿಟ್ಟಲ್ಲಿ ಹನಿ ಹಾಕಿ ಬಣ್ಣ ನೋಡೋದೇ ತಗೊಳ್ಳಿ, ಕಾಗದದ ಪಟ್ಟಿಗಿಂತ ನಂಬಬಹುದು. ಇದರ ಜೊತೆ ಒಂದು ಹಳೇ ನೋಟ್‌ಬುಕ್. ಕಳೆದ ಹದಿನೈದು ದಿನದಲ್ಲಿ ಏನು ಬದಲಾಯ್ತು ಅಂತ ಅದರಲ್ಲಿ ಬರೀರಿ, ಹೊಸ ಆಮೆ ತಂದ್ರಾ, ಊಟದ ಬ್ರ್ಯಾಂಡ್ ಬದಲಾಯ್ತಾ, ಪಕ್ಕದ ಗಿಡಕ್ಕೆ ಗೊಬ್ಬರ ಹಾಕಿದ್ರಾ, ಮಳೆ ಬಂತಾ, ಫಿಲ್ಟರ್ ತೊಳೆದ್ರಾ. ಅರ್ಧಕ್ಕರ್ಧ ತೊಂದರೆಗಳ ಉತ್ತರ ಈ ಪಟ್ಟಿಯಲ್ಲೇ ಸಿಕ್ಕಿಬಿಡತ್ತೆ.

ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಅನ್ನೋದೂ ಗೊತ್ತಿರ್ಬೇಕು. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರಲ್ಲಿ ಅಳೆದು ಗುಣಿಸಿ 1000ದಿಂದ ಮತ್ತೆ ಗುಣಿಸಿ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳ ಅಂದ್ರೆ 3600 ಲೀಟರ್. ಇದು ಗೊತ್ತಿಲ್ದೆ ಪಂಪು, ಫಿಲ್ಟರು, ಕ್ಲೋರಿನ್ ತೆಗೆಯೋ ದ್ರಾವಣ ಯಾವುದರ ಲೆಕ್ಕಾನೂ ಸರಿ ಬರಲ್ಲ. ಇನ್ನೊಂದು ಅಂದಾಜು ಲೆಕ್ಕ, ಆಮೆಯ ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ನೀರು. ದೊಡ್ಡದಾದ ಹೆಣ್ಣು ಸ್ಲೈಡರ್ 25 ರಿಂದ 30 ಸೆಂಟಿಮೀಟರ್ ಆಗತ್ತೆ, ಅಂದ್ರೆ ಒಂದಕ್ಕೇ 400 ಲೀಟರ್ ಹತ್ರ ಬೇಕು. ತಂದಾಗ ಅಂಗೈಯಷ್ಟಿತ್ತು ಅಂತ ಸಣ್ಣ ತೊಟ್ಟಿ ಕಟ್ಟಿ ಮೂರು ವರ್ಷ ಆದ್ಮೇಲೆ ನೀರು ಯಾಕೆ ನಿಲ್ತಿಲ್ಲ ಅಂದ್ರೆ ಅದು ದೋಷ ಅಲ್ಲ, ಜಾಗ ಸಾಲ್ತಿಲ್ಲ.

ಮತ್ತೆ ಒಂದು ಕಟ್ಟುನಿಟ್ಟು: ಒಂದು ಸಲಕ್ಕೆ ಒಂದೇ ಬದಲಾವಣೆ. ಪಂಪೂ ಬದಲಾಯಿಸಿ, ನೀರೂ ಬದಲಾಯಿಸಿ, ಔಷಧಾನೂ ಹಾಕಿದ್ರೆ ಸರಿ ಹೋದ್ರೂ ಯಾವುದ್ರಿಂದ ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಮೂರೂ ಮಾಡ್ಬೇಕು.

ನೀರಿನ ಮಟ್ಟ ಇಳೀತಾ ಇದೆ

ಎಲ್ರೂ ಮೊದ್ಲು ಲೈನರ್, ಅಂದ್ರೆ ನೀರು ಇಂಗದ ಹಾಗೆ ಕೊಳದೊಳಗೆ ಹಾಸೋ ಹಾಳೆ, ತೂತಾಗಿದೆ ಅಂತಾನೇ ಅಂದ್ಕೊಳ್ತಾರೆ, ಆಮೆ ಉಗುರು ಬೇರೆ ಕಣ್ಮುಂದೆ ಬರತ್ತಲ್ಲ. ಆದ್ರೆ ಬಿಸಿಲು ಗಾಳಿ ಜೋರಾಗಿರೋ ದಿನ ಅರ್ಧದಿಂದ ಒಂದು ಸೆಂಟಿಮೀಟರ್ ಆವಿಯಾಗೋದು ಮಾಮೂಲು, ಮೇಲೆ ಹೇಳಿದ ಕೊಳದಲ್ಲಿ ಒಂದು ಸೆಂಟಿಮೀಟರ್ ಅಂದ್ರೇನೇ 60 ಲೀಟರ್. ಜಲಪಾತದ ಥರ ಏನಾದ್ರೂ ಇಟ್ಟಿದ್ರೆ ಇನ್ನೂ ಜಾಸ್ತಿ. ಹಂಗಾಗಿ ಮೊದ್ಲು ಬಕೆಟ್ ಪರೀಕ್ಷೆ ಮಾಡಿ. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ತಳಕ್ಕೆ ಎರಡು ಕಲ್ಲು ಹಾಕಿ, ಕೊಳದ ಮೆಟ್ಟಿಲ ಮೇಲೆ ಒಳಗಿನ ನೀರು ಹೊರಗಿನ ನೀರು ಒಂದೇ ಮಟ್ಟ ಇರೋ ಹಾಗೆ ಕೂರ್ಸಿ, ಬಕೆಟ್ ಒಳಗೊಂದು ಹೊರಗೊಂದು ಗೆರೆ ಹಾಕಿ. 24 ಗಂಟೆ ಬಿಡಿ. ಎರಡೂ ಅಷ್ಟಷ್ಟೇ ಇಳಿದಿದ್ರೆ ಆವಿ, ಕೊಳ ಜಾಸ್ತಿ ಇಳಿದಿದ್ರೆ ಸೋರಿಕೆ. ಮಳೆ ಬರೋ ದಿನ ಮಾಡ್ಬೇಡಿ. ತಾನಾಗೇ ನೀರು ತುಂಬೋ ಫ್ಲೋಟ್ ವಾಲ್ವ್ ಇದ್ರೆ ಅದನ್ನ ಮೊದ್ಲು ಮುಚ್ಚಿ, ಅದು ಎಷ್ಟೋ ತಿಂಗಳು ಸೋರಿಕೇನ ಮುಚ್ಚಿಟ್ಟಿರತ್ತೆ. ಆಮೆಗಳು ಬಕೆಟ್ ಕಂಡ್ರೆ ಹತ್ತಿ ಉರುಳಿಸ್ತಾವೆ, ಒಂದು ದಿನ ಅವನ್ನ ಬೇರೆ ಟಬ್ಬಿಗೆ ಹಾಕಿದ್ರೆ ವಾಸಿ.

ಸೋರಿಕೆ ಅಂತ ಖಾತ್ರಿ ಆದ್ಮೇಲೆ ಇದೇ ಪರೀಕ್ಷೆ ಎರಡು ಸಲ, ಒಂದು ದಿನ ಪಂಪು ಓಡ್ತಾ, ಇನ್ನೊಂದು ದಿನ ನಿಲ್ಸಿ. ನಿಲ್ಸೋ ದಿನ ಫಿಲ್ಟರಿನ ಸ್ಪಂಜನ್ನ ಕೊಳದ ನೀರಲ್ಲೇ ಮುಳುಗಿಸಿಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಪಂಪು ಓಡೋವಾಗ ಮಾತ್ರ ಇಳೀತಿದ್ರೆ ಲೈನರನ್ನ ಮುಟ್ಟಲೇಬೇಡಿ, ತೊಂದರೆ ಪೈಪ್ ಜಾಯಿಂಟಲ್ಲಿ, ಇಲ್ಲ ಜಲಪಾತದ ಅಂಚಲ್ಲಿ ಹೊರಗೆ ಚಿಮ್ಮೋ ನೀರಲ್ಲಿ, ಇಲ್ಲ ಕಟ್ಟಿಕೊಂಡಿರೋ ಫಿಲ್ಟರ್ ಡಬ್ಬಿಯ ಮುಚ್ಚಳದಿಂದ ಒಸರೋದ್ರಲ್ಲಿ. ಪಂಪು ನಿಂತಾಗ್ಲೂ ಅಷ್ಟೇ ಇಳೀತಿದ್ರೆ ಕೊಳದಲ್ಲೇ. ಆಗ ನೀರು ತುಂಬ್ಸೋದು ನಿಲ್ಸಿ, ಎಲ್ಲಿವರೆಗೆ ಇಳಿಯತ್ತೋ ಇಳೀಲಿ. ಇಳಿದು ಒಂದು ಮಟ್ಟಕ್ಕೆ ಬಂದು ನಿಲ್ಲತ್ತೆ, ತೂತು ಆ ಮಟ್ಟದ ಸುತ್ತಲೇ ಎಲ್ಲೋ ಇದೆ. ಇಡೀ ಕೊಳ ತಡಕೋ ಬದ್ಲು ಒಂದು ಸುತ್ತು ಮಾತ್ರ ನೋಡಿದ್ರೆ ಸಾಕು. ಅನುಮಾನ ಇರೋ ಕಡೆ ನೀರು ಅಲ್ಲಾಡದೇ ಇರೋವಾಗ ಡ್ರಾಪರಲ್ಲಿ ಎರಡು ಹನಿ ಹಾಲು ಬಿಡಿ, ತೂತಿದ್ರೆ ಹಾಲಿನ ಎಳೆ ಆ ಕಡೆಗೇ ಎಳ್ಕೊಂಡು ಹೋಗತ್ತೆ, ನೋಡೋಕೆ ಮಜವಾಗೂ ಇರತ್ತೆ.

ನನ್ನ ಕೊಳದ್ದು ಒಂದು ಕಥೆ ಇದೆ. ತುಂಬ್ಸಿದ ಎರಡೇ ದಿನಕ್ಕೆ ನಾಲ್ಕು ಸೆಂಟಿಮೀಟರ್ ಇಳಿದು ನಿಲ್ತಿತ್ತು, ಮತ್ತೆ ತುಂಬ್ಸಿದ್ರೆ ಮತ್ತೆ ಅಷ್ಟೇ. ಒಂದು ಭಾನುವಾರ ಪೂರ್ತಿ ಹೊಟ್ಟೆ ಮೇಲೆ ಮಲಗಿ ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದೀನಿ, ಒಂದು ಗೀರೂ ಇಲ್ಲ. ಸಂಜೆ ಎದ್ದು ಕೂತಾಗ ಕಂಡಿದ್ದು, ಒಂದು ಮೂಲೆ ಕಲ್ಲಿನ ಹಿಂದೆ ಮಣ್ಣು ಒದ್ದೆ, ಬೇರೆಲ್ಲ ಕಡೆ ಒಣಗಿ ಬಿರುಕು ಬಿಟ್ಟಿದೆ. ಕಲ್ಲು ಎತ್ತಿದ್ರೆ ಲೈನರ್ ಕೆಳಗೆ ಹಾಸಿದ್ದ ಬಟ್ಟೆಯ ಒಂದು ಗೇಣು ತುದಿ ಅಂಚಿನ ಮೇಲಿಂದ ಒಳಗೆ ಮಡಚಿಕೊಂಡು ನೀರಿಗೆ ಬಿದ್ದಿದೆ, ಅದರ ಮೇಲೆ ಪಾಚಿ ಬೇರೆ ಬೆಳೆದು ಕಾಣ್ದಂಗೆ ಆಗಿದೆ. ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಅದು ನೀರು ಹೀರಿ ಹೊರಗಿನ ಮಣ್ಣಿಗೆ ಕೊಡ್ತಿತ್ತು. ಮಟ್ಟ ಆ ತುದಿಗಿಂತ ಕೆಳಗೆ ಹೋದ ತಕ್ಷಣ ನಿಲ್ತಿತ್ತು. ಕತ್ತರಿ ತಗೊಂಡು ಕತ್ತರಿಸಿದೆ, ಮುಗೀತು. ಅಂಚಲ್ಲಿ ಹುಲ್ಲು, ಗಿಡದ ಬೇರು, ಪಾಚಿಯ ದಪ್ಪ ಪದರ ಇದ್ರೂ ಇದೇ ಕೆಲ್ಸ ಮಾಡತ್ತೆ. ಲೈನರ್ ಅಂಚು ಸುತ್ತಲೂ ನೀರಿಗಿಂತ ಒಂದು ಗೇಣಾದ್ರೂ ಮೇಲೆ ಎದ್ದು ನಿಂತಿರ್ಬೇಕು, ಒಂದೇ ಕಡೆ ಮಣ್ಣು ಕುಸಿದು ಅಂಚು ತಗ್ಗಾಗಿದ್ರೂ ನೀರು ಅಲ್ಲಿಂದ್ಲೇ ಜಾರ್ಕೊಂಡು ಹೋಗತ್ತೆ.

ನಿಜವಾಗ್ಲೂ ತೂತು ಸಿಕ್ರೆ ಲೈನರ್ ಯಾವ ಜಾತಿದು ನೋಡ್ಕೊಂಡು ತೇಪೆ ತರ್ಸಿ. ಇಪಿಡಿಎಂ ರಬ್ಬರಿಗೆ ಅದರದ್ದೇ ಪ್ರೈಮರ್ ಮತ್ತು ಟೇಪು, ಪಿವಿಸಿಗೆ ಪಿವಿಸಿ ಅಂಟು, ಅದಲು ಬದಲು ಮಾಡಿದ್ರೆ ವಾರದಲ್ಲಿ ಸಿಪ್ಪೆ ಥರ ಎದ್ದು ಬರತ್ತೆ. ಜಾಗ ಪೂರ್ತಿ ಒಣಗಿರ್ಬೇಕು. ಆಮೆ ಹತ್ತಿ ಇಳಿಯೋ ದಾರಿಯಲ್ಲೇ ಹರಿದಿದ್ರೆ ತೇಪೆ ಮೇಲೆ ಇನ್ನೊಂದು ತುಂಡು ಲೈನರನ್ನ ಚಾಪೆ ಥರ ಹಾಸಿ, ಉಗುರು ದಿನಾ ಕೆರೆಯೋ ಜಾಗ ಅದು.

ಸಿಮೆಂಟ್ ಕೊಳದ್ದು ಬೇರೆ ಗೋಳು. ಕೂದಲೆಳೆ ಬಿರುಕು ಬಿಟ್ಟಿದ್ರೆ ಸ್ವಲ್ಪ ಅಗಲ ಕೊರೆದು ವಾಟರ್‌ಪ್ರೂಫ್ ಗಾರೆ ತುಂಬ್ಬೇಕು, ಮೇಲಿಂದ ಸವರಿದ್ರೆ ನಿಲ್ಲಲ್ಲ. ಹೊಸ ಗಾರೆ ಸುಣ್ಣ ಬಿಡತ್ತೆ, ಪಿಎಚ್ 10 ದಾಟೋದೂ ಇದೆ, ಆಮೆ ಕಣ್ಣು ಚರ್ಮ ಎರಡಕ್ಕೂ ಉರಿ. ನೀರು ತುಂಬಿ ಕೆಲವು ದಿನ ಬಿಟ್ಟು ಚೆಲ್ಲೋದು, ಮತ್ತೆ ತುಂಬೋದು, ಹೀಗೆ ಪಿಎಚ್ 8ರ ಹತ್ರ ಬಂದು ನಿಲ್ಲೋವರೆಗೂ ಮಾಡಿ, ಇಲ್ಲ ಕೊಳಕ್ಕೆ ಅಂತಾನೇ ಬರೋ ಸೀಲರ್ ಬಳೀರಿ.

ನೀರಿನ ಬಣ್ಣ ಕೆಟ್ಟಿದೆ

ಪಾರದರ್ಶಕ ಬಾಟ್ಲಲ್ಲಿ ನೀರು ಹಿಡಿದು ಒಂದು ರಾತ್ರಿ ಅಲ್ಲಾಡಿಸದೇ ಇಡಿ. ಬೆಳಗ್ಗೆ ತಳದಲ್ಲಿ ಕೆಸರು ಕೂತು ಮೇಲೆ ತಿಳಿಯಾಗಿದ್ರೆ ಬಗ್ಗಡ, ಅಂದ್ರೆ ಮಣ್ಣು ಮತ್ತೆ ಆಮೆ ಹೇಲು. ಹಾಗೇ ಹಸಿರಾಗಿ ನಿಂತಿದ್ರೆ ತೇಲೋ ಪಾಚಿ. ತಿಳಿಯಾಗೇ ಇದೆ, ಆದ್ರೆ ಟೀ ಡಿಕಾಕ್ಷನ್ ಬಣ್ಣ ಅಂದ್ರೆ ಎಲೆ ತೊಗಟೆ ಕೊಳೆತು ಬಿಟ್ಟ ಟ್ಯಾನಿನ್. ಟ್ಯಾನಿನ್ನಿಂದ ಆಮೆಗೆ ಏನೂ ಆಗಲ್ಲ, ಎಲೆ ಬೀಳದ ಹಾಗೆ ಬಲೆ ಕಟ್ಟಿ, ನೋಡೋಕೆ ಬೇಜಾರಾದ್ರೆ ಫಿಲ್ಟರಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ. ಬಗ್ಗಡ ಆದ್ರೆ ಮಣ್ಣು ಎಲ್ಲಿಂದ ಬರ್ತಿದೆ ನೋಡಿ, ಸಾಮಾನ್ಯವಾಗಿ ಗಿಡದ ಕುಂಡ ಆಮೆ ತೋಡಿರತ್ತೆ, ಇಲ್ಲ ಮಳೆ ನೀರು ಅಂಚಿಂದ ಒಳಗೆ ಹರಿದಿರತ್ತೆ.

ಹಸಿರು ನೀರಿಗೆ ಬೇಕಾಗಿರೋದು ಎರಡೇ, ಬಿಸಿಲು ಮತ್ತೆ ಗೊಬ್ಬರ. ಗೊಬ್ಬರ ಅಂದ್ರೆ ನೈಟ್ರೇಟು, ಫಾಸ್ಫೇಟು, ಅಂದ್ರೆ ನೀವು ಹಾಕಿದ ಊಟ, ಅದು ಆಮೆ ಹೊಟ್ಟೆಯಿಂದ ಬಂದಿರ್ಲಿ ಇಲ್ಲ ತಿನ್ನದೇ ನೇರ ತಳ ಸೇರಿರ್ಲಿ. ನಾನು ಪ್ರತಿ ಸಲ ಖಾಲಿ ಮಾಡಿ ತುಂಬ್ದಾಗ ಏನಾಗ್ತಿತ್ತು ಅಂದ್ರೆ ಪಾಚಿಗೆ ಪೈಪೋಟಿ ಕೊಡೋ ಫಿಲ್ಟರಿನ ಬ್ಯಾಕ್ಟೀರಿಯಾ, ಗಿಡ ಎಲ್ಲ ಹೋಗಿ, ಖಾಲಿ ಜಾಗ ಪೂರ್ತಿ ಪಾಚಿಗೇ ಬಿಟ್ಟುಕೊಟ್ಟ ಹಾಗೆ. ಈಗ ಮಾಡೋದು ಬೇರೆ. ನೀರಿನ ಮೇಲ್ಮೈ ಅರ್ಧದಷ್ಟಾದ್ರೂ ನೆರಳಿರ್ಬೇಕು, ಅಂತರಗಂಗೆ, ತಾವರೆ, ನೆರಳು ಬಲೆ ಯಾವುದಾದ್ರೂ ಸರಿ, ಬಿಸಿಲು ಕಾಯೋ ಜಾಗ ಒಂದು ಬಿಟ್ಟು. ಗಿಡ ಬಿಟ್ಟ ತಕ್ಷಣ ಆಮೆ ಮೇಯ್ದುಬಿಡತ್ತೆ ಅಂತೀರಾ, ಹೌದು, ಅದಕ್ಕೆ ಕೊಳದ ಒಂದು ಕೊನೇಲಿ ಜಾಲರಿ ಹಾಕಿ ಗಿಡಕ್ಕೆ ಅಂತ ಬೇರೆ ಜಾಗ ಮಾಡಿ, ಅಲ್ಲಿಂದ ಹೊರಗೆ ಬಂದಿದ್ದು ಆಮೆಗೆ. ಊಟ ಆಮೆಯ ತಲೆಯಷ್ಟು ಗಾತ್ರ ಮೀರಬಾರ್ದು, ಬೇಡೋದನ್ನ ನಂಬ್ಬೇಡಿ, ಅದು ಹೊಟ್ಟೆ ತುಂಬಿದ್ರೂ ಬೇಡತ್ತೆ.

ಯುವಿ ಕ್ಲಾರಿಫೈಯರ್ (ಹರಿಯೋ ನೀರಿಗೆ ನೇರಳಾತೀತ ಬೆಳಕು ಬಿಟ್ಟು ತೇಲೋ ಪಾಚಿ ಕೊಲ್ಲೋ ಡಬ್ಬಿ) ಇದ್ದೂ ನೀರು ಹಸಿರಾಗಿದ್ರೆ ಬಲ್ಬ್ ನೋಡಿ. ನೀಲಿ ಬೆಳಕು ಬರ್ತಿದೆ ಅಂದ್ರೆ ಕೆಲ್ಸ ಮಾಡ್ತಿದೆ ಅಂತ ಅರ್ಥ ಅಲ್ಲ, ಪಾಚಿ ಕೊಲ್ಲೋ ಯುವಿ ಕಣ್ಣಿಗೆ ಕಾಣಲ್ಲ. ಸುಮಾರು 8000 ದಿಂದ 9000 ಗಂಟೆ ಆದ್ಮೇಲೆ ಬಲ್ಬಿನ ಶಕ್ತಿ ತುಂಬ ಇಳಿದಿರತ್ತೆ, ಹಗಲು ರಾತ್ರಿ ಉರಿಸಿದ್ರೆ ಒಂದು ವರ್ಷಕ್ಕೆ 8760 ಗಂಟೆ, ಅಂದ್ರೆ ವರ್ಷಕ್ಕೊಂದು ಬಲ್ಬ್. ಬಲ್ಬಿನ ಸುತ್ತ ಇರೋ ಗಾಜಿನ ಕೊಳವೆ ಮೇಲೆ ಬಿಳೀ ಉಪ್ಪಿನ ಪದರ ಕೂತಿದ್ರೂ ಅದೇ ಗತಿ, ವಿನೆಗರಲ್ಲಿ ನೆನೆಸಿ ಒರೆಸಿ. ಉರೀತಿರೋ ಬಲ್ಬನ್ನ ಬರಿಗಣ್ಣಲ್ಲಿ ನೋಡ್ಬೇಡಿ. ಎಲ್ಲ ಸರಿ ಇದ್ರೆ ಒಂದೆರಡು ವಾರದಲ್ಲಿ ನೀರು ತಿಳಿಯಾಗತ್ತೆ, ಸತ್ತ ಪಾಚಿ ಸ್ಪಂಜಲ್ಲಿ ಕಟ್ಟಿಕೊಳ್ಳೋದ್ರಿಂದ ಆ ದಿನಗಳಲ್ಲಿ ಸ್ಪಂಜು ಪದೇ ಪದೇ ಹಿಂಡ್ಬೇಕು. ಕಲ್ಲಿಗೆ ಅಂಟಿ ಕೂದಲ ಥರ ಬೆಳೆಯೋ ಪಾಚಿಗೆ ಯುವಿ ಏನೂ ಮಾಡಲ್ಲ, ಅದು ಬಲ್ಬಿನ ಹತ್ರ ಹೋಗೋದೇ ಇಲ್ಲವಲ್ಲ, ಕೋಲಿಗೆ ಸುತ್ತಿ ಎಳೆದು ತೆಗೀರಿ. ಪಾಚಿ ಕೊಲ್ಲೋ ಔಷಧದ ಸಹವಾಸ ನನಗಂತೂ ಇಷ್ಟ ಇಲ್ಲ, ಒಂದೇ ಸಲ ಸತ್ತ ಪಾಚಿ ಎಲ್ಲ ತಳದಲ್ಲಿ ಕೊಳೆತು ಅಮೋನಿಯಾ ಏರಿಸತ್ತೆ, ಒಂದು ರೋಗಕ್ಕೆ ಇನ್ನೊಂದು ರೋಗ.

ನಾತ, ನೊರೆ, ಫಿಲ್ಟರ್

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಫಿಲ್ಟರ್ ಅಂದ್ರೆ ಕಸ ಹಿಡಿಯೋ ಜರಡಿ ಅಂತ ನಾನು ತಿಳ್ಕೊಂಡಿದ್ದೆ, ಅದಕ್ಕೇ ತೊಳೀತಿದ್ದೆ. ಕಸ ಹಿಡಿಯೋದು ಅರ್ಧ ಕೆಲ್ಸ, ಇನ್ನರ್ಧ ಅದರೊಳಗೆ ವಾಸ ಇರೋ ಬ್ಯಾಕ್ಟೀರಿಯಾದ್ದು. ಆಮೆ ಬಿಟ್ಟ ಅಮೋನಿಯಾನ ಒಂದು ಗುಂಪು ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ಅದನ್ನ ನೈಟ್ರೇಟ್ ಮಾಡತ್ತೆ. ಹೊಸ ಫಿಲ್ಟರಲ್ಲಿ ಇವು ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು, ಚಳಿ ಇದ್ರೆ ಇನ್ನೂ ಜಾಸ್ತಿ. ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ಸ್ಪಂಜು ತೊಳೆದ್ರೆ ಬಹಳಷ್ಟು ಸಾಯಬಹುದು, ಮತ್ತೆ ಮೊದಲಿಂದ. ನೀರು ಹರೀದೇ ಗಾಳಿ ಸಿಗದೇ ಗಂಟೆಗಟ್ಟಲೆ ಮುಚ್ಚಿದ ಡಬ್ಬಿಯಲ್ಲಿ ಕೂತ್ರೂ ಸಾಯತ್ತೆ, ಮೇಲೆ ಪಂಪು ನಿಲ್ಸೋ ದಿನ ಸ್ಪಂಜನ್ನ ಕೊಳದಲ್ಲಿ ಇಡಿ ಅಂದಿದ್ದು ಇದಕ್ಕೇ. ಕೊಳದ ನೀರನ್ನೇ ಬಕೆಟ್ಟಲ್ಲಿ ತಗೊಂಡು ಅದರಲ್ಲಿ ಮೂರ್ನಾಲ್ಕು ಸಲ ಹಿಂಡಿ, ಇನ್ನೂ ಕಂದು ಬಣ್ಣ ಇರೋವಾಗ್ಲೇ ವಾಪಸ್ ಹಾಕಿ. ಎರಡು ಸ್ಪಂಜಿದ್ರೆ ಒಂದು ಈ ವಾರ, ಇನ್ನೊಂದು ಎರಡು ವಾರ ಬಿಟ್ಟು.

ಕಿಟ್ಟಲ್ಲಿ ಬಂದಿದ್ದನ್ನ ಹೀಗೆ ಓದ್ಕೊಳ್ಳಿ. ಅಮೋನಿಯಾ ಇದೆ, ನೈಟ್ರೈಟು ನೈಟ್ರೇಟು ಎರಡೂ ಇಲ್ಲ, ಫಿಲ್ಟರ್ ಇನ್ನೂ ಶುರುವೇ ಆಗಿಲ್ಲ ಅಥವಾ ನೀವು ತೊಳೆದು ಸಾಯ್ಸಿದ್ದೀರ. ಅಮೋನಿಯಾ ಇಳಿದು ನೈಟ್ರೈಟ್ ಏರಿದೆ, ಅರ್ಧ ದಾರಿ ಬಂದಿದೆ, ಕೈ ಕಟ್ಕೊಂಡು ಕೂರಿ, ಊಟ ಕಮ್ಮಿ ಮಾಡಿ, ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಾಯಿಸಿ. ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಲೀಟರಿಗೆ 40 ಮಿಲಿಗ್ರಾಂ ದಾಟಿದೆ, ಫಿಲ್ಟರ್ ಚೆನ್ನಾಗೇ ದುಡೀತಿದೆ, ನೀರು ಬದಲಾಯಿಸೋದು ನೀವು ಮರೆತಿದ್ದೀರ. ಮೂರೂ ಏರಿದ್ರೆ ಫಿಲ್ಟರಿಗೆ ಹೊರೆ ಜಾಸ್ತಿ. ಡಬ್ಬಿ ಮೇಲೆ 5000 ಲೀಟರ್ ಅಂತ ಬರೆದಿದ್ರೆ ಅದು ಮೀನಿನ ಲೆಕ್ಕ, ಆಮೆ ಮೀನಿಗಿಂತ ತುಂಬಾ ಗಲೀಜು ಮಾಡತ್ತೆ, ಅರ್ಧಕ್ಕೆ ಇಳಿಸಿ ನೋಡ್ಬೇಕು. ಇನ್ನೊಂದು, ಬಿಸಿಲಲ್ಲಿ ಪಿಎಚ್ ಏರಿದಾಗ ಅಷ್ಟೇ ಪ್ರಮಾಣದ ಅಮೋನಿಯಾನೂ ಹೆಚ್ಚು ವಿಷ ಆಗತ್ತೆ. ಪಾಚಿ ಇರೋ ಕೊಳದಲ್ಲಿ ಪಿಎಚ್ ಬೆಳಗ್ಗೆ ಕಮ್ಮಿ, ಸಂಜೆ ಜಾಸ್ತಿ ಇರತ್ತೆ, ದಿನಾ ಒಂದೇ ಹೊತ್ತಿಗೆ ಅಳೀರಿ, ಇಲ್ಲದಿದ್ರೆ ನಿಮ್ಮ ನೋಟ್‌ಬುಕ್ಕೇ ನಿಮ್ಮನ್ನ ದಾರಿ ತಪ್ಪಿಸತ್ತೆ.

ಆಮೆ ಮೂಗಲ್ಲಿ ಉಸಿರಾಡೋದ್ರಿಂದ ಮೀನಿನ ಥರ ಒಂದೇ ರಾತ್ರಿ ಸಾಯಲ್ಲ, ಅದೇ ಮೋಸ. ಕೊಳ ಕೆಟ್ಟಿದ್ದು ವಾರಗಟ್ಟಲೆ ಗೊತ್ತಾಗಲ್ಲ, ಕಣ್ಣು ಊದಿಕೊಂಡಾಗ್ಲೇ ತಿಳಿಯೋದು.

ಹೊಸ ನೀರಲ್ಲಿ ಬರೀ ಕ್ಲೋರಿನ್ ಇದ್ರೆ ಅಗಲ ಬಾಯಿನ ಡ್ರಮ್ಮಲ್ಲಿ ಒಂದೆರಡು ದಿನ ತೆರೆದಿಟ್ರೆ ಹೋಗತ್ತೆ. ಕ್ಲೋರಮೈನ್ (ಕ್ಲೋರಿನ್ ಮತ್ತೆ ಅಮೋನಿಯಾ ಸೇರಿದ್ದು) ಹಾಕೋ ಸರಬರಾಜಾದ್ರೆ ಹಾಗೆ ಹೋಗಲ್ಲ, ಕ್ಲೋರಿನ್ ತೆಗೆಯೋ ದ್ರಾವಣ ಬೇಕೇ ಬೇಕು.

ಕೊಳೆತ ಮೊಟ್ಟೆ ನಾತ ಬಂದ್ರೆ ತಳದ ಹೂಳು. ಗಾಳಿ ಸಿಗದ ಹೂಳಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟತ್ತೆ. ಕೋಲು ಹಾಕಿ ಕಲಕೋಕೆ ಹೋಗ್ಬೇಡಿ, ಒಂದೇ ಸಲ ಎಲ್ಲ ನೀರಿಗೆ ಬಿಡತ್ತೆ. ಆಮೆ ಹೊರಗೆ ತೆಗೆದು, ಪೈಪಲ್ಲಿ ಸೈಫನ್ ಮಾಡಿ ದಿನಕ್ಕೆ ಒಂದು ಮೂಲೆ ಅಂತ ಹೀರಿ ತೆಗೀರಿ, ಪೈಪನ್ನ ಬಾಯಲ್ಲಿ ಎಳೀಬೇಡಿ, ಆಮೆ ನೀರಲ್ಲಿ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರೋದು ಮಾಮೂಲು. ಸ್ಪಂಜನ್ನ ಅಡಿಗೆಮನೆ ಸಿಂಕಲ್ಲಿ ತೊಳೀಬೇಡಿ ಅನ್ನೋದೂ ಅದಕ್ಕೇ. ಮೇಲೆ ಬಿಳೀ ನೊರೆ ನಿಂತು ಒಡೀದೇ ಇದ್ರೆ ಕರಗಿರೋ ಪ್ರೋಟೀನು, ಅಂದ್ರೆ ಊಟ ಜಾಸ್ತಿ. ಅಷ್ಟೇ.

ಪಂಪು

ನೀರು ಕಮ್ಮಿ ಬರ್ತಿದೆ ಅನ್ನಿಸಿದ್ರೆ ಕಣ್ಣಂದಾಜು ಬಿಟ್ಟು ಅಳೀರಿ. ಹೊರಗೆ ಬರೋ ಪೈಪಿಗೆ 10 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿ, 30 ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 1200 ಲೀಟರ್. ಕೊಳದ ಪೂರ್ತಿ ನೀರು ಗಂಟೆಗೆ ಒಂದು ಸಲ, ಹೋಗ್ಲಿ ಎರಡು ಗಂಟೆಗೊಂದು ಸಲ ಆದ್ರೂ ಫಿಲ್ಟರ್ ಹಾದು ಹೋಗ್ಬೇಕು. ಡಬ್ಬಿ ಮೇಲಿನ ಸಂಖ್ಯೆ ನೋಡಿ ಮೋಸ ಹೋಗ್ಬೇಡಿ, ಅದು ನೀರನ್ನ ಮೇಲಕ್ಕೆ ಎತ್ತದೇ ಇದ್ರೆ ಬರೋ ಲೆಕ್ಕ, ಒಂದೊಂದು ಅಡಿ ಎತ್ತರಕ್ಕೂ, ಪೈಪು ತಿರುಗೋ ಒಂದೊಂದು ಎಲ್ಬೋಗೂ ಕಮ್ಮಿ ಆಗ್ತಾ ಹೋಗತ್ತೆ.

ಮೊದಲಿಂದ್ಲೂ ಕಮ್ಮಿ ಅಂದ್ರೆ ಪಂಪು ಚಿಕ್ಕದು ಅಥವಾ ಪೈಪು ಸಣ್ಣದು. ಇತ್ತೀಚೆಗೆ ಕಮ್ಮಿ ಆಯ್ತು ಅಂದ್ರೆ ಕಟ್ಟಿಕೊಂಡಿದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ, ಸ್ವಿಚ್ ಮಾತ್ರ ಆರಿಸಿದ್ರೆ ಸಾಲದು. ಮುಂದಿನ ಜಾಲರಿ ಬಿಚ್ಚಿ, ಇಂಪೆಲ್ಲರ್ (ನೀರು ತಳ್ಳೋ ರೆಕ್ಕೆ ಚಕ್ರ) ಹೊರಗೆಳೀರಿ. ಕಡ್ಡಿಯಷ್ಟು ದಪ್ಪದ ಶಾಫ್ಟಿನ ಸುತ್ತ ಪಾಚಿ ಎಳೆ ಬಿಗಿಯಾಗಿ ಸುತ್ಕೊಂಡಿರತ್ತೆ, ಹಳೇ ಟೂತ್‌ಬ್ರಷ್ಷಲ್ಲಿ ಬಿಡಿಸಿ. ನನ್ನದ್ರಲ್ಲಿ ಒಂದು ಸಲ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳದ ಚಿಪ್ಪು ರೆಕ್ಕೆ ಸಂದಿಯಲ್ಲಿ ಸಿಕ್ಕಿ, ಇಡೀ ಪಂಪು ಗುರ್ ಅಂತ ಸದ್ದು ಮಾಡ್ತಾ ಬಿಸಿ ಆಗ್ತಿತ್ತು, ನಾನು ಹೊಸ ಪಂಪು ತರೋಕೆ ಹೊರಟಿದ್ದೆ. ಸದ್ದು ಇದೆ ನೀರಿಲ್ಲ ಅಂದ್ರೆ ಗಾಳಿ ಸಿಕ್ಕಿರೋದೂ ಇರಬಹುದು, ನೀರೊಳಗೇ ಪಂಪನ್ನ ಓರೆ ಮಾಡಿ ಗುಳ್ಳೆ ಬಿಡ್ಸಿ.

ಪದೇ ಪದೇ ಟ್ರಿಪ್ ಆಗ್ತಿದ್ರೆ ಅದನ್ನ ಶಾಪ ಅಂದ್ಕೋಬೇಡಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಆರೋ ಸ್ವಿಚ್) ಇಲ್ದೆ ಕೊಳಕ್ಕೆ ಕರೆಂಟ್ ಕೊಡಲೇಬಾರ್ದು. ಮಳೆ ಬಂದಾಗ ಮಾತ್ರ ಟ್ರಿಪ್ ಆದ್ರೆ ಹೊರಗಿನ ಜಾಯಿಂಟ್ ಒದ್ದೆ, ಪಂಪ್ ಪ್ಲಗ್ ಹಾಕಿದ ತಕ್ಷಣ ಆದ್ರೆ ಪಂಪಿನ ಸೀಲ್ ಹೋಗಿದೆ, ರಿಪೇರಿಗೆ ಕೈ ಹಾಕ್ದೆ ಬದಲಾಯಿಸಿ. ಪಂಪಿನ ಬಾಯಿಗೆ ಜಾಲರಿ ಪಂಜರ ಇದ್ಯಾ ಅಂತಾನೂ ನೋಡಿ, ಮರಿ ಆಮೆ ಕಾಲು ಅಲ್ಲಿ ಸಿಕ್ಕಿದ್ರೆ ಮೇಲೆ ಬರೋಕಾಗದೇ ಮುಳುಗಿ ಸಾಯತ್ತೆ, ಹೌದು, ಆಮೆ ಮುಳುಗಿ ಸಾಯತ್ತೆ.

ಆಮೆ ಏನ್ ಹೇಳ್ತಿದೆ

ಟೆಸ್ಟ್ ಕಿಟ್ಟಿಗಿಂತ ಮುಂಚೆ ಆಮೇನೇ ಎಷ್ಟೋ ಸಲ ಹೇಳಿರತ್ತೆ. ಬಿಸಿಲು ಕಾಯೋಕೆ ಮೇಲೆ ಬರ್ತಾನೇ ಇಲ್ಲ ಅಂದ್ರೆ ಮೊದ್ಲು ಹಲಗೆ ನೋಡಿ, ಜಾರತ್ತಾ, ನೀರು ಇಳಿದು ಹತ್ತೋಕೆ ಎಟುಕ್ತಿಲ್ವಾ, ಮಧ್ಯಾಹ್ನ ಅಲ್ಲಿ ನೆರಳು ಬೀಳತ್ತಾ, ನಾಯಿ ಕಾಗೆ ಕಾಟ ಇದ್ಯಾ. ಹಲಗೆ ಸರಿ ಇದ್ರೆ ನೀರಿನ ಬಿಸಿ ನೋಡಿ, 24 ರಿಂದ 28 ಡಿಗ್ರಿ ಹಿತ, ನೀರೇ 30 ದಾಟಿದ್ರೆ ಮೇಲೆ ಬಂದು ಕಾಯೋ ಅಗತ್ಯಾನೇ ಅದಕ್ಕಿಲ್ಲ. ಹಗಲೆಲ್ಲ ಮೇಲೇ ಕೂತಿದೆ, ನೀರಿಗೆ ಇಳೀತಾನೇ ಇಲ್ಲ ಅಂದ್ರೆ ನೀರು ತಣ್ಣಗಿದೆ ಇಲ್ಲ ಕೆಟ್ಟಿದೆ ಇಲ್ಲ ಆಮೆಗೆ ಹುಷಾರಿಲ್ಲ. ಒಂದು ಪಕ್ಕಕ್ಕೆ ವಾಲಿಕೊಂಡು ಈಜೋದು, ಬಾಯಿ ತೆರೆದು ಉಸಿರಾಡೋದು, ಮೂಗಲ್ಲಿ ಗುಳ್ಳೆ ಇವು ಶ್ವಾಸಕೋಶದ ಸೋಂಕಿನ ಲಕ್ಷಣ, ಕೊಳ ರಿಪೇರಿ ಆಮೇಲೆ, ಮೊದ್ಲು ಸರೀಸೃಪ ನೋಡೋ ಪಶುವೈದ್ಯರ ಹತ್ರ ಹೋಗಿ. ಚಿಪ್ಪಲ್ಲಿ ಮೆತ್ತಗಿನ ಗುಂಡಿ, ನಾತ ಇದ್ರೂ ಅಷ್ಟೇ. ಚಿಪ್ಪಿನ ಮೇಲಿಂದ ತೆಳು ಗಾಜಿನ ಹಾಳೆ ಥರ ಪದರ ಕಳಚಿದ್ರೆ ಹೆದರ್ಬೇಡಿ, ಅದು ಬೆಳೀತಿರೋದು. ಕಿತ್ತು ತೆಗೆಯೋಕೆ ಮಾತ್ರ ಹೋಗ್ಬೇಡಿ.

ಬೇಲಿ ಉದ್ದಕ್ಕೂ ದಿನವಿಡೀ ಸುತ್ತುತ್ತಾ, ಹಿಂಗಾಲಲ್ಲಿ ಅಲ್ಲಲ್ಲಿ ಕೆರೀತಾ ಇದ್ರೆ ತಪ್ಪಿಸಿಕೊಳ್ಳೋಕೆ ನೋಡ್ತಿದೆ ಅಂತ ಬೇಲಿ ಎತ್ತರ ಮಾಡೋಕೆ ಓಡ್ಬೇಡಿ. ಅದು ಹೆಣ್ಣಾದ್ರೆ ಮೊಟ್ಟೆ ಇಡೋಕೆ ಜಾಗ ಹುಡುಕ್ತಿರತ್ತೆ, ಗಂಡಿಲ್ದೇನೂ ಮೊಟ್ಟೆ ಇಡತ್ತೆ. ಒಂದು ಅಡಿ ಆಳಕ್ಕೆ ಮರಳು ಮಣ್ಣು ಬೆರೆಸಿದ ಹದವಾದ ತೇವದ ಜಾಗ ಕೊಟ್ರೆ ಎರಡೇ ದಿನದಲ್ಲಿ ಸುಮ್ಮನಾಗೋದು ನೋಡಿದೀನಿ. ಜಾಗ ಸಿಗದೇ ಹಿಡಿದಿಟ್ಕೊಂಡ್ರೆ ಮೊಟ್ಟೆ ಒಳಗೇ ಸಿಕ್ಕಿ ಜೀವಕ್ಕೇ ಬರತ್ತೆ. ಬೇಲಿಗೆ 45 ಸೆಂಟಿಮೀಟರ್ ಎತ್ತರ, ಮೇಲ್ತುದಿ ಒಳಗೆ ಬಾಗಿರ್ಬೇಕು, ಮೂಲೆಗಳು ಮುಖ್ಯ, ಆಮೆ ಹತ್ತೋದು ಮೂಲೇಲೇ. ಮತ್ತೆ ಜೋರು ಮಳೆಗೆ ಕೊಳ ತುಂಬಿ ಉಕ್ಕಿದ್ರೆ ಎಷ್ಟು ಎತ್ತರದ ಬೇಲಿ ಇದ್ರೂ ಈಜ್ಕೊಂಡೇ ದಾಟತ್ತೆ, ಅಂಚಿಗಿಂತ ಕೆಳಗೆ ಜಾಲರಿ ಕಟ್ಟಿದ ಓವರ್‌ಫ್ಲೋ ಪೈಪ್ ಇರ್ಲಿ, ಆ ಜಾಲರಿಗೆ ಎಲೆ ಕಟ್ಟಿಕೊಂಡಿದ್ಯಾ ಅಂತ ಮಳೆಗೆ ಮುಂಚೆ ನೋಡಿ. ಸಾಕೋಕಾಗ್ತಿಲ್ಲ ಅಂತ ಸ್ಲೈಡರನ್ನ ಕೆರೆಗೆ ಬಿಡೋದು ಮಾತ್ರ ಯಾವ ತೊಂದರೆಗೂ ಪರಿಹಾರ ಅಲ್ಲ, ಅಲ್ಲಿರೋ ಆಮೆಗಳ ಜಾಗ ಊಟ ಎರಡೂ ಕಸಿದುಕೊಳ್ಳತ್ತೆ.

ಚಳಿ ಜೋರಿರೋ ಕಡೆ ನೀರು 15 ಡಿಗ್ರಿಗಿಂತ ಇಳಿದ್ರೆ ಊಟ ನಿಲ್ಸಿ, ಜೀರ್ಣ ಆಗಲ್ಲ. ತಿಂತಿಲ್ಲ ಅಂತ ಗಾಬರಿಯಾಗಿ ಇನ್ನಷ್ಟು ಹಾಕಿದ್ರೆ ಅದು ನೀರಲ್ಲೇ ಕೊಳೆಯತ್ತೆ, ಅಲ್ಲಿಂದ ಮತ್ತೆ ಮೊದಲನೇ ಪುಟ.

ಹಾಗಾದ್ರೆ ಯಾವಾಗ ಖಾಲಿ ಮಾಡ್ಬೇಕು

ಕೀಟನಾಶಕ, ಬಣ್ಣ, ಎಣ್ಣೆ, ಸೋಪು ಏನಾದ್ರೂ ನೀರಿಗೆ ಬಿದ್ರೆ ಯೋಚ್ನೆ ಮಾಡ್ದೆ ಪೂರ್ತಿ ಖಾಲಿ ಮಾಡಿ, ಫಿಲ್ಟರನ್ನೂ ಬಿಡ್ಬೇಡಿ. ತೂತು ತಳದಲ್ಲೇ ಇದ್ರೆ ಖಾಲಿ ಮಾಡದೇ ಬೇರೆ ದಾರಿ ಇಲ್ಲ, ಆದ್ರೆ ಆಗ ಮೂರರಲ್ಲೊಂದು ಭಾಗ ಹಳೇ ನೀರನ್ನ ಡ್ರಮ್ಮಲ್ಲಿ ತುಂಬಿಟ್ಕೊಳ್ಳಿ, ಸ್ಪಂಜನ್ನ ಅದರಲ್ಲೇ ಮುಳುಗಿಸಿ ಒಂದು ಸಣ್ಣ ಗಾಳಿ ಪಂಪಿನ ಕಲ್ಲು ಬಿಡಿ, ಗೋಡೆ ಮೇಲಿನ ತೆಳು ಹಾವಸೆನ ಉಜ್ಜದೇ ಹಾಗೇ ಬಿಡಿ, ಅದರಲ್ಲೂ ಅದೇ ಬ್ಯಾಕ್ಟೀರಿಯಾ ಇರತ್ತೆ. ತೇಪೆ ಒಣಗಿದ್ಮೇಲೆ ಮೊದ್ಲು ಹಳೇ ನೀರು, ಆಮೇಲೆ ಕ್ಲೋರಿನ್ ತೆಗೆದ ಹೊಸ ನೀರು, ಬಿಸಿ ಎರಡಕ್ಕೂ ಹತ್ರ ಹತ್ರ ಇದ್ಯಾ ನೋಡ್ಕೊಂಡು ಆಮೆ. ಹತ್ತು ದಿನ ದಿನಾ ಅಮೋನಿಯಾ ಅಳೆದು ನೋಟ್‌ಬುಕ್ಕಲ್ಲಿ ಬರೀರಿ, ಊಟ ಅರ್ಧಕ್ಕೆ ಇಳಿಸಿ, ಬ್ರಷ್ಷನ್ನ ಎಲ್ಲಾದ್ರೂ ಕೈಗೆ ಸಿಗದ ಕಡೆ ಎತ್ತಿಡಿ.